ಮಾರಪ್ಪ ಹತ್ತಿದ ಹಡಗು

ಜೀನ್ ಅಜ್ಜಿಯ ಚಹಾಕ್ಕೆ ಹಾಲು ಬಗ್ಗಿಸುತ್ತಿದ್ದೆ. ಆಕೆ ನನ್ನ ಮಣಿಕಟ್ಟು ಹಿಡಿದು, "ಒಸಿ," ಅಂದರು. ನಾನು ನಿಲ್ಲಿಸದಿದ್ದಾಗ ಗದರಿದಂತೆ ಇನ್ನೊಮ್ಮೆ, "ಒಸಿ! ಒಸಿ!" ಹಾಲು ಬಟ್ಟಲು ತುಂಬಿ ಮೇಜಿನ ಮೇಲೆಲ್ಲ ಹರಿಯಿತು.

ಆಸ್ಟ್ರೇಲಿಯಾದ ಒಳನಾಡಿನ ಒಂದು ಸಣ್ಣ ಊರು ಅದು. ಸುತ್ತ ಕಣ್ಣು ಹಾಯುವವರೆಗೂ ಒಣಹುಲ್ಲು, ಕುರಿ. ಅಲ್ಲಿನ ವೃದ್ಧರ ಮನೆಗೆ ನಾನು ನರ್ಸಾಗಿ ಸೇರಿ ತಿಂಗಳೂ ಆಗಿರಲಿಲ್ಲ. ಆ ಊರಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಅದೂ 'ಒಸಿ'! ಬೆಂಗಳೂರಿನಲ್ಲಿ ನರ್ಸಿಂಗ್ ಓದುವಾಗ ಹಾಸ್ಟೆಲಿನ ಹುಡುಗಿಯರು ನಗುತ್ತಾರೆಂದು ನಾನೇ ಬಿಟ್ಟುಬಿಟ್ಟಿದ್ದ ನಮ್ಮ ಮಾಗಡಿ ಸೀಮೆಯ ಮಾತು ಅದು. ಬೆಳ್ಳಗೆ ಸುಣ್ಣದಂತಿದ್ದ ಈ ಮುದುಕಿಯ ಬಾಯಿಗೆ ಅದು ಎಲ್ಲಿಂದ ಬಂತು?

ನನಗೆ ಮೊದಲು ಹೊಳೆದದ್ದು ಯಾರೋ ನನ್ನನ್ನು ಆಡಿಕೊಳ್ಳುತ್ತಿದ್ದಾರೆ ಎಂದೇ. ಊಟದ ಕೋಣೆಯಲ್ಲಿ ನಾನು ಅಪ್ಪನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು, ಮರೆವಿನ ಕಾಯಿಲೆಯ ಅಜ್ಜಿಗೆ ಯಾರೋ ಹೇಳಿಕೊಟ್ಟಿರಬೇಕು. ಆ ದಿನಗಳಲ್ಲಿ ನನಗೆ ಎಲ್ಲದರಲ್ಲೂ ಅನುಮಾನ. ಮಾಗಡಿಯಲ್ಲಿ ಬಾಡಿಗೆ ಮನೆ ಕೇಳಲು ಹೋದರೆ "ಯಾವ ಜನ?" ಎಂದು ಮುಖಕ್ಕೇ ಕೇಳುತ್ತಾರೆ. ಇಲ್ಲಿ ಹಾಗೆ ಕೇಳುವುದಿಲ್ಲ. ನಗುನಗುತ್ತಾ "ತಿಳಿಸುತ್ತೇವೆ" ಎಂದು ಕಳಿಸುತ್ತಾರೆ, ತಿಳಿಸುವುದಿಲ್ಲ. ಕೊನೆಗೆ ಸಿಕ್ಕಿದ ಮನೆಯಲ್ಲಿ ಮುದ್ದೆ ತೊಳಸಿದ ಮೊದಲ ದಿನ ಪಕ್ಕದ ಮನೆಯಾಕೆ ಬಂದು, ಏನೋ ಸುಟ್ಟ ವಾಸನೆ ಬರುತ್ತಿದೆಯಲ್ಲ, ಎಲ್ಲ ಸರಿಯಿದೆಯೇ ಎಂದು ವಿಚಾರಿಸಿದ್ದರು. ಅದು ಕಾಳಜಿಯೋ ದೂರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಜೀನ್ ಅಜ್ಜಿಯ ತಮ್ಮ ರಾನ್ ದಿನಾ 'ಆರ್ವೊ'ಗೆ ಬರುತ್ತಿದ್ದರು. ಮಧ್ಯಾಹ್ನ ಎನ್ನುವುದನ್ನು ಅಲ್ಲಿ ಹಾಗೆ ಮೊಟಕು ಮಾಡುತ್ತಾರೆ. ಎಪ್ಪತ್ತು ದಾಟಿದ ಎತ್ತರದ ಆಳು, ಜೀವಮಾನವೆಲ್ಲ ಕುರಿ ಸಾಕಿದವರು. ಒಸಿ ಎಂದರೇನೆಂದು ಕೇಳಿದೆ.

"ನಮ್ಮ ಮನೆಯ ಮಾತು. ಸ್ವಲ್ಪ ಅಂತ," ಎಂದರು. "ಜನ ನಾವು 'ಆಸಿ' ಅನ್ನುತ್ತಿದ್ದೇವೆ ಎಂದುಕೊಳ್ಳುತ್ತಾರೆ." ಆಸಿ ಅಂದರೆ ಆಸ್ಟ್ರೇಲಿಯಾದವರು ಎಂದು ಅರ್ಥ. "ಇದು ತಾತನಿಂದ ಬಂದದ್ದು. ತಾತನಿಗೆ ಅವರಪ್ಪನಿಂದ."

"ಅವರು ಎಲ್ಲಿಯವರು?"

ರಾನ್ ಬಾಗಿಲ ಕಡೆ ನೋಡಿದರು. "ನಮ್ಮಪ್ಪ ಆಫ್ಘನ್ ಅನ್ನುತ್ತಿದ್ದರು. ಅತ್ತೆ ಸ್ಪೇನಿನವರು ಅನ್ನುತ್ತಿದ್ದರು. ಆಗೆಲ್ಲ ಕಪ್ಪು ಚರ್ಮದ ಅಜ್ಜ ಇದ್ದ ಅಂತ ಹೇಳಿಕೊಳ್ಳುವ ಹಾಗಿರಲಿಲ್ಲ. ನನಗೆ ಗೊತ್ತಿರುವುದು ಇಷ್ಟೇ: ಇಲ್ಲಿಂದ ಮದ್ರಾಸಿಗೆ ಕುದುರೆ ಸಾಗಿಸುತ್ತಿದ್ದ ಹಡಗು ಖಾಲಿಯಾಗಿ ವಾಪಸ್ ಬರುವಾಗ ಅದರಲ್ಲಿ ಬಂದರಂತೆ."

ಮಂಚದ ತಲೆಯ ಮೇಲಿನ ಹೆಸರು ನೋಡಿದೆ. ಜೀನ್ ಮಾರಪ್. ದಿನಾ ಓದುತ್ತಿದ್ದ ಹೆಸರು. ಮಾರಪ್. ಮಾರಪ್ಪ.

ಆ ಹಡಗು, ಆ ಹೆಸರು ನನ್ನನ್ನು ಯಾಕೆ ಹಿಡಿದು ನಿಲ್ಲಿಸಿದವು ಎಂಬುದನ್ನು ಹೇಳಬೇಕು.

ಸಾವನದುರ್ಗದ ಮಗ್ಗುಲಿನ ನಮ್ಮೂರಿನಲ್ಲಿ ನಮ್ಮದನ್ನು ಕೊಲೆಗಾರರ ಮನೆ ಎನ್ನುತ್ತಾರೆ. ನಮ್ಮಪ್ಪನ ಮುತ್ತಾತ ಕೆಂಪಯ್ಯ, ಬ್ರಿಟಿಷರ ಕಾಲದಲ್ಲಿ ಒಮ್ಮೆ ಮದ್ರಾಸಿಗೆ ಕುರಿ ಹೊಡೆದುಕೊಂಡು ಹೋದನಂತೆ. ಜೊತೆಗೆ ಅವನ ಜೀವದ ಗೆಳೆಯ ಮಾರಪ್ಪ. ಬಂದವನು ಕೆಂಪಯ್ಯ ಒಬ್ಬನೇ. ಮಾರಪ್ಪ ಎಲ್ಲಿ ಎಂದರೆ, ಕುದುರೆ ಹಡಗು ಹತ್ತಿ ಹೋಗಿಬಿಟ್ಟ ಎಂದ. ಕುರಿ ಕಾಯುವವನು ಸಮುದ್ರಕ್ಕೆ ಯಾಕೆ ಹೋಗುತ್ತಾನೆ? ಕುರಿ ಮಾರಿದ ಹಣಕ್ಕಾಗಿ ಕೊಂದು ಎಲ್ಲೋ ಹೂತು ಬಂದಿದ್ದಾನೆ ಎಂದು ಊರು ತೀರ್ಮಾನಿಸಿತು. ಮಾರಪ್ಪನ ಹೆಂಡತಿ ಕಂಕುಳಲ್ಲಿ ಕೂಸು ಇಟ್ಟುಕೊಂಡು ಕೆಲವು ವರ್ಷ ಕಾದಳು, ಆಮೇಲೆ ಅವಳ ಬಳೆ ಒಡೆಸಿದರು. ಅಂದಿನಿಂದ ಆ ಮನೆಯವರು ನಮ್ಮ ಮನೆಯ ನೀರು ಮುಟ್ಟುವುದಿಲ್ಲ. ನನಗೆ ಕನಕಪುರದಿಂದ ಬಂದ ಸಂಬಂಧ ಅದೇ ಮಾತು ಕಿವಿಗೆ ಬಿದ್ದು ಮುರಿಯಿತು. ಯಾಕೆ ಅಷ್ಟು ದೂರ ಹೊರಟೆ ಎಂದವರಿಗೆಲ್ಲ ಸಂಬಳ ಎಂದಿದ್ದೆ. ಪೂರ್ತಿ ನಿಜ ಅದಲ್ಲ.

ಹಾಗಾಗಿ ರಾನ್ ಮಾತು ಕೇಳಿ ಸಂತೋಷಕ್ಕಿಂತ ಹೆದರಿಕೆಯೇ ಆಯಿತು. ನನಗೆ ಬೇಕಾದ್ದೇ ನನ್ನ ಕಿವಿಗೆ ಬೀಳುತ್ತಿದೆಯೇ? ಮಾರಪ್ಪ ಎಂಬ ಹೆಸರಿನವರು ನಮ್ಮ ಸೀಮೆಯಲ್ಲಿ ಊರಿಗೆ ಹತ್ತು ಜನ. ಅಪ್ಪನಿಗೆ ಫೋನು ಮಾಡಿದೆ.

"ಬ್ಯಾಡ ಕಣವ್ವ, ಅದ ಕೆದುಕ್ಬೇಡ," ಎಂದರು ಅಪ್ಪ. "ಈಗ ನಮ್ ಕಡೆ ಜಮೀನು ಬಂಗಾರ ಆಗೈತೆ. ಎಲ್ಲಿಂದ್ಲೋ ಬಂದು ಮಾರಪ್ಪನ ಪಾಲು ಕೇಳುದ್ರೆ?"

"ಅವರಿಗೇ ಸಾವಿರಾರು ಎಕರೆ ಐತಪ್ಪ."

"ಇರೋರೇ ಕಣವ್ವ ಕೇಳಾದು."

"ಕೆಂಪಯ್ಯ ತಾತ ಹೇಳಿದ್ದೇ ನಿಜ ಇರಬೋದಲ್ಲ?"

"ಅವನ ಸ್ವಂತ ಮಗ, ನಮ್ ತಾತನೇ ನಂಬ್ಲಿಲ್ಲ ಅವನ ಮಾತ. ನೀನ್ಯಾಕೆ ನಂಬ್ತೀಯ?"

ಒಂದು ಭಾನುವಾರ ರಾನ್ ತಮ್ಮ ಜಮೀನು ತೋರಿಸಲು ಕರೆದುಕೊಂಡು ಹೋದರು. ಅವರಿಂದ ಇನ್ನಷ್ಟು ಮಾತು ಹೊರಡಿಸಬೇಕೆಂದೇ ನಾನು ಒಪ್ಪಿದ್ದೆ. ಪ್ಯಾಡಕ್, ಅಂದರೆ ತಂತಿಬೇಲಿ ಹಾಕಿದ ದೊಡ್ಡ ಹುಲ್ಲುಗಾವಲು. ನಮ್ಮಲ್ಲಿ ಕುರಿಯ ಹಿಂದೆ ಮನುಷ್ಯ ನಡೆಯುತ್ತಾನೆ, ಅಲ್ಲಿ ನಾಯಿ ಓಡುತ್ತದೆ. ದೂರದಲ್ಲಿ ಕುರಿ ಮಂದೆಯನ್ನು ಅಟ್ಟುತ್ತಿದ್ದ ನಾಯಿಯನ್ನು ರಾನ್ ಕೂಗಿ ಕರೆದರು:

"ಕೆಂಪಾ! ಕೆಂಪಾ!"

ಓಡಿಬಂದದ್ದು ಇದ್ದಿಲಿನಂಥ ಕಪ್ಪು ನಾಯಿ.

"ಈ ಹೆಸರು ಯಾಕಿಟ್ಟಿರಿ?" ಎಂದು ಕೇಳಿದೆ.

"ನಮ್ಮ ಮನೆಯ ಮಂದೆನಾಯಿಗೆಲ್ಲ ಅದೇ ಹೆಸರು. ಒಂದು ಸತ್ತರೆ ಮುಂದಿನದಕ್ಕೂ ಅದೇ. ಮುತ್ತಾತ ಇಟ್ಟದ್ದಂತೆ. ಏನು ಅರ್ಥವೋ ಗೊತ್ತಿಲ್ಲ."

ನಾನು ಅಲ್ಲೇ ಹುಲ್ಲಿನ ಮೇಲೆ ಕುಳಿತು, ಕೆಂಪಯ್ಯನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ರಾನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಹಾಗಾದರೆ ಅವರಿಗೆ ಅಲ್ಲೊಬ್ಬ ಹೆಂಡತಿ ಇದ್ದಳು," ಎಂದರು ಕೊನೆಗೆ. "ಅದನ್ನು ನಮಗೆ ಯಾರೂ ಹೇಳಲಿಲ್ಲ." ರಕ್ತಸಂಬಂಧ ತಿಳಿಯಲು ಎಂಜಲು ಪರೀಕ್ಷೆ ಮಾಡಿಸೋಣ ಎಂದದ್ದು ಅವರೇ.

ರಜೆಗೆ ಊರಿಗೆ ಬಂದಾಗ ಎಂಜಲಿನ ಕೊಳವೆ ಹಿಡಿದು ಮಾರಪ್ಪನ ಮನೆಗೆ ಹೋದೆ. ಈಗ ಆ ಮನೆಗೆ ಹಿರಿಯ ತಿಮ್ಮಯ್ಯ, ಮಾರಪ್ಪನ ಮರಿಮಗ. ಹಟ್ಟಿಯ ಮುಂದೆ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. ಅವರನ್ನು ಏನೆಂದು ಕರೆಯಬೇಕೆಂದೇ ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಮಾತಾಡಿಸಿಯೇ ಇರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ.

"ಚೆನ್ನಾಗೈತೆ," ಎಂದರು. "ನಿಮ್ ಮನೆ ಕೊಳೆ ತೊಳಿಯಕ್ಕೆ ನಮ್ ಎಂಜಲು ಬೇಕಾ?"

"ಸುಳ್ಳಾಗಿದ್ರೆ ಸುಳ್ಳು ಅಂತಲೇ ಬರುತ್ತೆ."

"ನಿಜ ಆದ್ರೆ?" ಅವರು ನನ್ನ ಕಡೆ ತಿರುಗಿದರು. "ನಮ್ಮುತ್ತಾತ ಸತ್ತೋದ ಅಂದ್ರೆ ಒಂದು ಮರ್ವಾದೆ ಐತೆ. ಹೆಂಡ್ರು ಕೂಸ ಬುಟ್ಟು ಓಡೋದ ಅಂದ್ರೆ ನಮ್ಗೇನ್ ಉಳಿತದೆ, ಹೇಳು?"

ಆವರೆಗೆ ನಾನು ನಮ್ಮ ಮನೆಯ ಕಳಂಕವನ್ನಷ್ಟೇ ಯೋಚಿಸಿದ್ದೆ. ವಾಪಸ್ ಹೊರಟೆ.

"ನಿಂತ್ಕೊ," ಎಂದರು. "ಅಲ್ಲೇನ್ ಮಾಡ್ಕೊಂಡಿದ್ನಂತೆ ಅವನು?"

"ಕುರಿ ಕಾಯ್ತಿದ್ರಂತೆ."

"ಥೂ ಅವನ! ಅಷ್ಟು ದೂರ ಹೋಗಿ ಮತ್ತೆ ಕುರೀನೇ?" ತಿಮ್ಮಯ್ಯನಿಗೆ ನಗು ಬಂತು. ಆಗ ನಾನು ಆ ನಾಯಿಯ ಹೆಸರು ಹೇಳಿದೆ. ಅವರ ನಗು ನಿಂತಿತು.

"ಕರೀ ನಾಯ್ಗೆ ಕೆಂಪ ಅಂತಾರಾ?"

"ತಲತಲಾಂತರದಿಂದ."

ಅವರು ಸೊಪ್ಪಿನ ಕಟ್ಟನ್ನು ಕೆಳಗಿಟ್ಟರು. "ಗೆಳೆಯನ್ನ ದಿನಾ ಬಾಯ್ತುಂಬ ಕೂಗ್ಬೇಕು ಅನ್ನಿಸ್ತೇನೋ," ಎಂದು ಗೊಣಗಿ ಕೈ ಚಾಚಿದರು. "ಕೊಡು ಅದ."

ಫಲಿತಾಂಶ ಬಂದಾಗ ಸಂಶಯಕ್ಕೆ ಎಡೆಯಿರಲಿಲ್ಲ: ರಾನ್ ಮತ್ತು ತಿಮ್ಮಯ್ಯ ಒಂದೇ ರಕ್ತ. ಆದರೂ ಊರಿನಲ್ಲಿ ಸಂಶಯ ಪಟ್ಟರು. ಫಾರಿನ್ ದುಡ್ಡಿಗೆ ಯಾವ ಕಾಗದ ಬೇಕಾದರೂ ಸಿಗುತ್ತದೆ ಎಂದರು ಕೆಲವರು. ಅಪ್ಪ ಮಾತ್ರ ಫೋನಿನಲ್ಲಿ ಅತ್ತರು. ಅವರು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನಿಜಾನೇ ಹೇಳಿದ್ದ ಕಣವ್ವ ಅವನು. ಕಡೇಗಾಲದಾಗೂ ಅದ್ನೇ ಹೇಳ್ತಿದ್ನಂತೆ, ಹಡಗು ಹತ್ತಿದ, ಹಡಗು ಹತ್ತಿದ ಅಂತ. ಮನೆಯೋರೇ ಬಾಯ್ಮುಚ್ಚು ಅಂತಿದ್ರಂತೆ. ನಮ್ ಮನೇಲಿ ಒಂದು ಮಗೀಗೂ ಅವನ ಹೆಸರಿಕ್ಕಲಿಲ್ಲ."

ಮರುವರ್ಷ ಮಹಾಲಯ ಅಮಾವಾಸ್ಯೆಗೆ ರಾನ್ ಜೊತೆ ಬಂದೆ. ಜೀನ್ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು. ಕಾರು ಮಾಗಡಿ ದಾಟಿ ಸಾವನದುರ್ಗ ಎದುರಾದಾಗ ರಾನ್ ನಿಲ್ಲಿಸಲು ಹೇಳಿ, ಇಳಿದು ರಸ್ತೆಯ ಅಂಚಿನಲ್ಲಿ ನಿಂತರು. "ಒಂದೇ ಕಲ್ಲಿನ ಬೆಟ್ಟ ಅಂತ ತಾತ ಹೇಳುತ್ತಿದ್ದರು. ನಾವು ಕಥೆ ಅಂದುಕೊಂಡಿದ್ದೆವು," ಎಂದರು.

ಹಿರಿಯರಿಗೆ ಎಡೆ ಇಡುವ ಹಬ್ಬ ಅದು. ನಮ್ಮ ಮನೆಯಲ್ಲಿ ಅಪ್ಪ ಹೊಸ ಪಂಚೆ, ಟವಲು, ಮುದ್ದೆ, ಮರಿಮಾಂಸದ ಸಾರು ಇಟ್ಟು, ಮೊದಲ ಬಾರಿಗೆ ಕೆಂಪಯ್ಯನ ಹೆಸರು ಹಿಡಿದು ಕರೆದರು. ನಂಬದೆ ಹೋದ್ವಿ, ತಪ್ಪಾಯ್ತು ಎಂದು ನೆಲಕ್ಕೆ ಹಣೆ ಹಚ್ಚಿದರು.

ಅಲ್ಲಿ ಮಾರಪ್ಪನ ಮನೆಯಲ್ಲಿ ರಾನ್‌ಗೆ ಆಗಲೇ ಪಂಚೆ ಉಡಿಸಿದ್ದರು. ಭಾಷೆ ಬಾರದ ಆ ಮನುಷ್ಯ ಜಗುಲಿಯ ಮೇಲೆ ಮಕ್ಕಳ ನಡುವೆ ಕುಳಿತು ಕುರಿಮರಿಯ ಗೊರಸು ನೋಡುತ್ತಿದ್ದರು. ನೋಡಲು ಬಂದವರಿಗೆಲ್ಲ ತಿಮ್ಮಯ್ಯ, "ನಮ್ಮೋನೇ ಕಣ್ಲಾ, ಒಸಿ ಬೆಳ್ಳಗಾಗ್ಬುಟ್ಟವ್ನೆ," ಎನ್ನುತ್ತಿದ್ದರಂತೆ.

ಸಂಜೆ ಹೊತ್ತಿಗೆ ತಿಮ್ಮಯ್ಯ ನಮ್ಮ ಹಟ್ಟಿಗೆ ಬಂದರು. ಅಪ್ಪ ಎದ್ದು ನಿಂತರು. "ನೀರ್ ಕೊಡು ಕಣ್ಲಾ," ಎಂದರು ತಿಮ್ಮಯ್ಯ. ಅಪ್ಪ ಕೊಟ್ಟ ಚೊಂಬನ್ನು ಎತ್ತಿ ಗಟಗಟನೆ ಕುಡಿದು, ಮೀಸೆ ಒರೆಸಿಕೊಂಡು ಚಾಪೆಯ ಮೇಲೆ ಕುಳಿತರು. ಇಬ್ಬರೂ ಮಳೆಯ ಮಾತು, ಕುರಿಯ ರೋಗದ ಮಾತು ಆಡತೊಡಗಿದರು, ನಿನ್ನೆ ಬಿಟ್ಟಲ್ಲಿಂದ ಮುಂದುವರಿಸಿದ ಹಾಗೆ.

ನಾನು ಎಲೆ ಅಡಿಕೆ ತಂದಿಟ್ಟೆ. ತಿಮ್ಮಯ್ಯ ನನ್ನನ್ನು ಅಕ್ಕರೆಯಿಂದಲೇ ನೋಡಿ ಕೇಳಿದರು:

"ನಿಮ್ಮೂರ್ಗೆ ಯಾವಾಗ ಹೊಂಟೆ, ಮಗಾ?"

ಇದೇ ನಮ್ಮೂರು ದೊಡ್ಡಪ್ಪ ಎನ್ನಬೇಕೆಂದುಕೊಂಡೆ. ಅಪ್ಪನ ಮುಖ ನೋಡಿದೆ. ಅವರೂ ಆ ಮಾತಿನಲ್ಲಿ ತಪ್ಪೇನೂ ಕಾಣದೆ, ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಭಾನುವಾರ," ಎಂದೆ.