ಕೆಳಮನೆಯ ತಂಗಳು ಗಂಜಿ

ನಗುವಾಗ ಅವರು ಬಾಯಿಗಲ್ಲ, ಹೊಟ್ಟೆಯ ಎಡಗಡೆಗೆ ಅಂಗೈ ಒತ್ತಿಕೊಳ್ಳುತ್ತಿದ್ದರು. ಸೀರೆಯೊಳಗೆ ಅಲ್ಲೊಂದು ಚೀಲವಿತ್ತು. ಕ್ಯಾನ್ಸರಿಗೆ ಕರುಳು ಕೊಯ್ದ ಮೇಲೆ ಮಲವೆಲ್ಲ ಅದರೊಳಕ್ಕೇ ಬರುತ್ತಿತ್ತು.

ಉಳ್ಳೂರಿನ ಆ ಮನೆಯಲ್ಲಿ ನಾನು ಮಹಡಿಯ ಬಾಡಿಗೆದಾರಳು, ಅವರು ಕೆಳಮನೆಯ ಟೀಚರ್. ಕಾಸರಗೋಡಿನವರು, ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಕಲಿಸಿ ನಿವೃತ್ತರಾಗಿ ಒಬ್ಬರೇ ಇದ್ದರು. ಬ್ಯಾಂಕಿನ ವರ್ಗಾವಣೆಯಲ್ಲಿ ಮೈಸೂರು ಬಿಟ್ಟು ಬಂದ ನಾನೂ ಒಬ್ಬಳೇ. ಒಬ್ಬಳಿಗೋಸ್ಕರ ಏನು ಒಲೆ ಹಚ್ಚುವುದೆಂದು ಟೀ, ರಸ್ಕಿನಲ್ಲೇ ದಿನ ದೂಡುತ್ತಿದ್ದೆ. ಹೊಟ್ಟೆ ಕಲ್ಲಾಗಿತ್ತು.

ಒಂದು ಬೆಳಿಗ್ಗೆ ಅವರು ಕೆಳಗಿನಿಂದ, ಮಹಡಿಗೆ ಏರುವ ನೀರಿನ ಪೈಪಿಗೆ ಸೌಟಿನಲ್ಲಿ ಟಣ್ ಟಣ್ ಎಂದು ಬಡಿದರು. ಇಳಿದು ಹೋದರೆ, ಮಣ್ಣಿನ ಚಟ್ಟಿಯಲ್ಲಿ ಹಿಂದಿನ ದಿನ ನೀರು ಹಾಕಿಟ್ಟ ಕುಚ್ಚಲಕ್ಕಿ ಅನ್ನ, ಪಕ್ಕದಲ್ಲಿ ಮೊಸರು, ಸಣ್ಣ ಈರುಳ್ಳಿ.

"ತಂಗಳಾ ಟೀಚರ್?"

"ತಂಗಳೇ. ನಿನಗಲ್ಲ ಮಾರಾಯ್ತಿ, ನಿನ್ನ ಕರುಳಿನ ಬ್ಯಾಕ್ಟೀರಿಯಾಗಳಿಗೆ! ತಣಿದ ಅನ್ನದಲ್ಲಿ, ನಾರಿನಲ್ಲಿ ನಮಗೆ ಜೀರ್ಣ ಆಗದ್ದು ಉಂಟಲ್ಲ, ಅದನ್ನು ತಿಂದು ಅವು ಬ್ಯುಟಿರೇಟ್ ಅಂತ ಒಂದು ಕೊಬ್ಬಿನಾಮ್ಲ ಮಾಡ್ತವೆ. ಕರುಳಿನ ಒಳಪದರಕ್ಕೆ ಅದೇ ಊಟ. ನಿನ್ನ ರಸ್ಕಿನಲ್ಲಿ ಎಂತ ಉಂಟು, ಮಣ್ಣು?"

ಆಮೇಲೆ ದಿನಾ ಪೈಪು ಸದ್ದು ಮಾಡಿತು. ತಿಂಗಳೊಳಗೆ ನನ್ನ ಹೊಟ್ಟೆ ಹಗುರಾಯಿತು.

ತಮ್ಮ ವಿಷಯವನ್ನು ಅವರು ಹೇಳಿದ್ದು ಒಂದೇ ಸಲ. "ಈ ಚೀಲದಿಂದ ಕೆಳಗೆ ಒಂದು ತುಂಡು ಕರುಳು ಉಳಿದುಂಟು. ಅಲ್ಲಿಗೆ ಏನೂ ಹೋಗುವುದಿಲ್ಲ. ಬ್ಯುಟಿರೇಟ್ ಸಿಗದೆ ಕೆಂಪಾಗಿ ಉರೀತಾ ಕೂತಿದೆ, ಪಾಪ. ಹಸಿವು, ಅಷ್ಟೆ. ಡಾಕ್ಟರು ಮತ್ತೆ ಜೋಡಿಸ್ತಾರಂತೆ." ಆ ದಿನಕ್ಕಾಗಿ ಕ್ಯಾಲೆಂಡರಿನಲ್ಲಿ ಒಂದೊಂದೇ ತಾರೀಖಿಗೆ ಗೀಟು ಹಾಕುತ್ತಿದ್ದರು.

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಗಂಜಿಯ ಚಟ್ಟಿಯನ್ನು ನನ್ನ ಕೈಗಿತ್ತರು. ಅವರಿಲ್ಲದೆ ಕೂತು ತಿನ್ನಲು ಮನಸ್ಸಾಗಲಿಲ್ಲ. ಅನ್ನ ಚೆಲ್ಲಿ ಟೀ ಕುಡಿದು ಬ್ಯಾಂಕಿಗೆ ಹೋದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ವಾರ್ಡಿನಲ್ಲಿ ಅವರು ನನ್ನನ್ನು ಕೇಳಿದ ಮೊದಲ ಮಾತು, "ಗಂಜಿ ತಿಂದಿಯಾ?"

"ತಿಂದೆ ಟೀಚರ್."

"ಸುಳ್ಳು ಹೇಳ್ಬೇಡ ಮಾರಾಯ್ತಿ," ಎಂದು ನಕ್ಕರು. ಅಂಗೈ ತಾನಾಗಿ ಎಡಗಡೆಗೆ ಹೋಯಿತು. ಅಲ್ಲಿ ಈಗ ಚೀಲವಿರಲಿಲ್ಲ, ಬ್ಯಾಂಡೇಜು ಮಾತ್ರ.

ಮೂರನೆಯ ದಿನ ಅವರ ಹೃದಯ ನಿಂತಿತು. ಬಾಯಿಗೆ ಇನ್ನೂ ನೀರಿನ ಗುಟುಕಷ್ಟೇ ಕೊಡುತ್ತಿದ್ದರು. ಜೋಡಿಸಿದ ಆ ತುಂಡಿಗೆ ಒಂದಗುಳೂ ತಲಪಲಿಲ್ಲ.

ಚಟ್ಟಿ ನನ್ನಲ್ಲೇ ಉಳಿಯಿತು. ಸಂಜೆ ಅನ್ನಕ್ಕೆ ನೀರು ಹಾಕಿಡುತ್ತೇನೆ. ಬೆಳಿಗ್ಗೆ ಬಡಿಸಿಕೊಳ್ಳುವ ಮುಂಚೆ ಸೌಟಿನಿಂದ ಪೈಪನ್ನು ಎರಡು ಸಲ ಬಡಿಯುತ್ತೇನೆ. ಕೆಳಮನೆ ಖಾಲಿ. ಸದ್ದು ಇಳಿದು ಹೋಗಿ ನಿಲ್ಲುವವರೆಗೆ ಕಾದು, ಕೂತು ತಿನ್ನುತ್ತೇನೆ.