ಸಿಪ್ರಿಯಾನೊನ ಕೈಗಳು

ಹಿಮ ಹೊದ್ದ ಔಸಂಗಾಟೆ ಬೆಟ್ಟದ ಬುಡದ ಹಳ್ಳಿಯಲ್ಲಿ ಹೇರು ಕಟ್ಟುವುದರಲ್ಲಿ ಸಿಪ್ರಿಯಾನೊನನ್ನು ಮೀರಿಸುವವರಿರಲಿಲ್ಲ. ಹೇಸರಗತ್ತೆಯ ಬೆನ್ನ ಮೇಲೆ ಅವನು ಬಿಗಿದ ಹೊರೆ ಎರಡು ದಿನ ಬೆಟ್ಟ ಹತ್ತಿ ಇಳಿದರೂ ಜಾರುತ್ತಿರಲಿಲ್ಲ. ಐವತ್ತು ದಾಟಿದವನು, ಮಾತು ಕಡಿಮೆ. ಯಾರ ಮೇಲೂ ದನಿ ಎತ್ತಿದವನಲ್ಲ. ಹೆಂಡತಿ ಸಬಿನಾ, ಎರಡು ಹೇಸರಗತ್ತೆ, ಆಲೂಗಡ್ಡೆಯ ಕಲ್ಲುಹೊಲ, ಸಂಸಾರ ಅಷ್ಟೇ.

ಆ ಜೂನ್‌ನ ಚಳಿಗಾಲದಲ್ಲಿ, ಕುಸ್ಕೊ ಪಟ್ಟಣದಲ್ಲಿ ಓದುತ್ತಿದ್ದ ಇಬ್ಬರು ವಿದೇಶಿ ವಿದ್ಯಾರ್ಥಿಗಳು, ಯೋನಾಸ್ ಎಂಬ ಹುಡುಗ ಮತ್ತು ಲೀಕೆ ಎಂಬ ಹುಡುಗಿ, ಅವನನ್ನು ಕರೆದುಕೊಂಡು ಬೆಟ್ಟ ಸುತ್ತಲು ಹೊರಟರು. ಡೇರೆ ಯಾರಿಂದಲೋ ಎರವಲು ತಂದದ್ದು. ಮೊದಲ ಸಂಜೆ ಬಿಚ್ಚಿದರೆ ಒಂದು ಕೋಲೇ ಇಲ್ಲ. ಸಿಪ್ರಿಯಾನೊ ತನ್ನ ಊರುಗೋಲು ಕೊಟ್ಟು ನಿಲ್ಲಿಸಿದ. ಮೂವರೂ ನಕ್ಕರು.

ಎರಡನೆಯ ದಿನ ಸರೋವರದ ದಡ ಕಂಡದ್ದೇ ಹುಡುಗರು ಅಲ್ಲೇ ಹೊರೆ ಇಳಿಸಿದರು.

“ಇಲ್ಲಿ ಬೇಡ್ರಪ್ಪಾ, ಗಾಳಿ ನೀರಿನ ಮೇಲಿಂದಾನೇ ನುಗ್ಗುತ್ತೆ. ಆ ಕುರಿದೊಡ್ಡಿ ಗೋಡೆ ಮರೆಗೆ ಹೋಗೋಣ.”

“ಅಲ್ಲಿ ಬರೀ ಹಿಕ್ಕೆ ವಾಸ್ನೆ, ಸಿಪ್ರಿಯಾನೊ ಅವ್ರೇ!” ಎಂದ ಯೋನಾಸ್. “ಒಂದು ರಾತ್ರಿ ತಾನೇ, ಬಿಡಿ.”

ಸಿಪ್ರಿಯಾನೊ ಬಿಟ್ಟುಬಿಟ್ಟ.

ಬೆಳಗಿನ ಜಾವ ಹಿಮದ ಗಾಳಿ ಡೇರೆಯನ್ನು ಸೀಳಿಹಾಕಿತು. ಲೀಕೆ ವಾಂತಿ ಮಾಡುತ್ತಿದ್ದಳು. ನಿಲ್ಲಿಸಿದರೆ ಕುಡಿದವರಂತೆ ಓಲಾಡುತ್ತಿದ್ದಳು. ಎತ್ತರದ ತೆಳುಗಾಳಿ ಅವಳ ತಲೆಗೇರಿತ್ತು. ತಡಮಾಡಿದರೆ ಉಳಿಯುವುದಿಲ್ಲವೆಂದು ಸಿಪ್ರಿಯಾನೊನಿಗೆ ಗೊತ್ತಿತ್ತು. ಸಾಮಾನನ್ನೆಲ್ಲ ಅಲ್ಲೇ ಬಿಟ್ಟು ಅವಳನ್ನು ಹೇಸರಗತ್ತೆಯ ಮೇಲೆ ಕೂರಿಸಿದ. ಅವಳ ಕೈಗವಸು ನೆನೆದು, ಮಂಜುಗಟ್ಟಿ ಹಲಗೆಯಾಗಿತ್ತು. ತನ್ನದನ್ನು ಬಿಚ್ಚಿ ತೊಡಿಸಿದ.

“ನಿಮಗೆ?” ಎಂದಳು, ಕಣ್ಣು ತೆರೆಯದೆ.

“ನನ್ನ ಕೈ ಹುಟ್ಟಿದ್ದೇ ಚಳೀಲಿ. ಗಟ್ಟಿಯಾಗಿ ಹಿಡ್ಕೋ ಮಗಳೇ.”

ನಾಲ್ಕು ಗಂಟೆಯ ಇಳಿದಾರಿ. ಯೋನಾಸ್ ಹಿಂದೆಯೇ ಬರುತ್ತಿದ್ದ. ಹೇಸರಗತ್ತೆಯ ಒದ್ದೆ ಹಗ್ಗ ಸಿಪ್ರಿಯಾನೊನ ಬರಿಗೈಯಲ್ಲಿ ಮಂಜುಗಟ್ಟಿತು. ಮೊದಲು ಬೆರಳು ಉರಿದವು, ಆಮೇಲೆ ನೋವೇ ನಿಂತಿತು. ಸದ್ಯ ನಿಂತಿತಲ್ಲ ಎಂದುಕೊಂಡ.

ಕೆಳಗಿನ ಆರೋಗ್ಯ ಕೇಂದ್ರದಲ್ಲಿ ಆಮ್ಲಜನಕ ಕೊಟ್ಟ ಮೇಲೆ ಹುಡುಗಿಗೆ ಜೀವ ಬಂತು. ಇಬ್ಬರನ್ನೂ ಜೀಪಿನಲ್ಲಿ ಕುಸ್ಕೊಗೆ ಸಾಗಿಸಿದರು. ಅವರು ಹೋಗುವವರೆಗೂ ಸಿಪ್ರಿಯಾನೊ ಕಂಬಳಿಯೊಳಗಿಂದ ಕೈ ಹೊರತೆಗೆಯಲಿಲ್ಲ. ಆಮೇಲೆ ನೋಡಿದ ನರ್ಸಮ್ಮ ಕೂಗಿಕೊಂಡಳು: “ಅಯ್ಯೋ ಪುಣ್ಯಾತ್ಮ, ಆಗ್ಲೇ ತೋರಿಸೋಕೇನಾಗಿತ್ತು?”

“ಆ ಮಗೂಗೆ ಉಸಿರೇ ಇರ್ಲಿಲ್ವಲ್ಲಮ್ಮಾ.”

ಬಲಗೈಯ ಮೂರು ಬೆರಳು, ಎಡಗೈಯ ಎರಡು ಹೋದವು.

“ದೊಡ್ಡಿ ಮರೆಗೇ ನಡೀರಿ ಅಂತ ಗದರೋಕೆ ಬಾಯಿರ್ಲಿಲ್ವಾ ನಿಂಗೆ?” ಸಬಿನಾ ಅಳುತ್ತ ಕೇಳಿದಳು. ಅದೊಂದು ಮಾತು ಅವನನ್ನು ಒಳಗೇ ಕೊರೆಯಿತು. ಬೆರಳು ಹೋದದ್ದಕ್ಕಿಂತ ಹೆಚ್ಚಾಗಿ.

ಹುಡುಗಿ ತನ್ನ ದೇಶಕ್ಕೆ ಮರಳಿದಳೆಂದು ಸುದ್ದಿ ಬಂತು. ಬೆರಳು ಹೋದದ್ದನ್ನು ಅವಳಿಗೆ ತಿಳಿಸೋಣವೇ ಎಂದು ಪಕ್ಕದ ಮನೆಯ ತಿಯೋಫಿಲೊ ಕೇಳಿದ.

“ಬೇಡ. ಓದೋ ಹುಡುಗಿ. ಈ ಭಾರ ಹೊತ್ಕೊಂಡು ತಿರುಗ್ತಾಳೆ ಸುಮ್ನೆ.”

ಈಗ ಹೇಸರಗತ್ತೆಗಳನ್ನು ತಿಯೋಫಿಲೊ ಹೊಡೆದುಕೊಂಡು ಹೋಗುತ್ತಾನೆ. ಮಧ್ಯಾಹ್ನ ಸಬಿನಾ ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿದು, ಮುರಿದು, ತಟ್ಟೆಗೆ ಹಾಕಿ ಮುಂದಿಡುತ್ತಾಳೆ. ಅವನು ಕೈ ಅವಳಿಗೆ ಕಾಣದಂತೆ ಗೋಡೆಯತ್ತ ತಿರುಗಿ ಕುಳಿತು ತಿನ್ನುತ್ತಾನೆ.