ಸಿಸಿಲಿಯಾ ಬಾಯಿಯ ಸ್ವಂತ ಧ್ವನಿ

ಸಿಸಿಲಿಯಾ ಬಾಯಿ ಯಾವ ಕೋಣೆಗೆ ಹೋದರೂ ಮೊದಲು ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡಿ, ಅದಕ್ಕೆ ಮುಖ ಮಾಡಿ ಕೂರುತ್ತಿದ್ದರು. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿದ್ದ ಅವರ ಮಗಳು ಗ್ರೇಸಿಯ ಫ್ಲ್ಯಾಟಿನಲ್ಲಿ ನಾನು ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ವಯಸ್ಸಾಯಿತಲ್ಲ, ಕಣ್ಣು ಮಂಜಾಗಿರಬೇಕು ಅಂದುಕೊಂಡಿದ್ದೆ. ಗ್ರೇಸಿ ನಕ್ಕು, "ಅಮ್ಮ ಸಿನಿಮಾದವರು ಮಾರಾಯ್ತಿ. ಅಭ್ಯಾಸ ಹೋಗ್ಲಿಲ್ಲ" ಅಂದರು.

ಕಪ್ಪು-ಬಿಳುಪಿನ ಕಾಲದ ಸಿನಿಮಾ. ಬಾಯಿ ಮಂಗಳೂರಿನ ಹಂಚಿನ ಕಾರ್ಖಾನೆಯ ಕೆಲಸಗಾರನ ಮಗಳು. ಚರ್ಚಿನ ನಾಟಕದಲ್ಲಿ ಅವರನ್ನು ನೋಡಿದ ಯಾರೋ ಕರೆದರೆಂದು, ಹದಿನೇಳನೇ ವಯಸ್ಸಿಗೆ ತಂದೆಯ ಜೊತೆ ಮದ್ರಾಸಿನ ರೈಲು ಹತ್ತಿದ್ದರು. ನಾಲ್ಕು ಕನ್ನಡ ಚಿತ್ರಗಳಲ್ಲಿ ನಾಯಕಿಯಾದರು. ನಾಲ್ಕರಲ್ಲೂ ಧ್ವನಿ ಮಾತ್ರ ಇನ್ನೊಬ್ಬಾಕೆಯದು. ಇವರ ಕನ್ನಡದಲ್ಲಿ ಕೊಂಕಣಿ ಕೇಳುತ್ತದಂತೆ. ಐದನೆಯ ಚಿತ್ರಕ್ಕೆ ಇವರು ನಿರ್ಮಾಪಕರ ಎದುರು ನಿಂತು, ಈ ಸಲ ನಾನೇ ಮಾತಾಡುತ್ತೇನೆ ಅಂದರು. ಪಾತ್ರ ಬೇರೆಯವರ ಪಾಲಾಯಿತು. ಮತ್ತೆ ಯಾರೂ ಕರೆಯಲಿಲ್ಲ. ಊರಿಗೆ ಮರಳಿ, ಹೊಲಿಗೆ ಕಲಿಸುತ್ತಾ, ಮಗಳನ್ನು ನರ್ಸಿಂಗ್ ಓದಿಸಿದರು.

ಇದನ್ನೆಲ್ಲ ಅವರು ನನಗೆ ಹೇಳಿದ್ದು ನಾನು ಅಡುಗೆಮನೆಯಲ್ಲಿ ಅಳುತ್ತಾ ನಿಂತಿದ್ದ ಒಂದು ಸಂಜೆ. ನನ್ನ ಇಂಗ್ಲಿಷ್ ಅತಿಥಿಗಳಿಗೆ ಅರ್ಥವಾಗುವುದಿಲ್ಲವೆಂದು ಹೋಟೆಲಿನ ಮ್ಯಾನೇಜರ್ ನನ್ನನ್ನು ಸ್ವಾಗತದ ಕೌಂಟರಿನಿಂದ ತೆಗೆದು, ಹಾಸಿಗೆಬಟ್ಟೆ ಮಡಚುವ ಕೋಣೆಗೆ ಹಾಕಿದ್ದ.

"ನೀನು ಎಂತ ಹೇಳಿದೆ ಅವನಿಗೆ?"

"ಓಕೆ ಸರ್ ಅಂದೆ, ಬಾಯಿ."

"ನಾನು ಕೇಳಿದೆ, ಪಾತ್ರ ಹೋಯ್ತು. ಅದರ ಬೇಸರ ನನಗಿಲ್ಲ. ಕೇಳದೆ ಬಂದಿದ್ರೆ ಇವತ್ತಿಗೂ ಇರ್ತಿತ್ತು."

ಮರುದಿನದಿಂದ ಪಾಠ ಶುರುವಾಯಿತು. ಬಾಯಿ ಕಿವಿ ಮಂದವಾದ ಅತಿಥಿಯಾಗುತ್ತಿದ್ದರು, ಸಿಡುಕುವ ಅತಿಥಿಯಾಗುತ್ತಿದ್ದರು. ಅಡುಗೆಮನೆಯ ಕಟ್ಟೆಯೇ ನನ್ನ ಕೌಂಟರು. "ಕೊನೇ ಶಬ್ದ ನುಂಗ್ಬೇಡ. ಅದನ್ನು ಪೂರ್ತಿ ಹೇಳಿ ಮತ್ತೆ ಉಸಿರು ಬಿಡು. ನಿನ್ನ ಊರನ್ನು ಬಾಯಿಂದ ತೆಗೀಲಿಕ್ಕೆ ಹೋಗ್ಬೇಡ, ನಿಧಾನ ಹೇಳು ಅಷ್ಟೇ." ಹತ್ತು ದಿನ ಕಳೆದ ಮೇಲೆ ಮ್ಯಾನೇಜರನ ಬಳಿ ಹೋಗಿ ಒಂದು ವಾರದ ಅವಕಾಶ ಕೇಳಿದೆ. ಕೊನೆಯ ಶಬ್ದವನ್ನೂ ನುಂಗದೆ ಪೂರ್ತಿ ಹೇಳಿದೆ. ಅವನು ಹೂಂ ಅಂದ. ಇವತ್ತೂ ನಾನು ಅದೇ ಕೌಂಟರಿನಲ್ಲಿದ್ದೇನೆ.

ಒಮ್ಮೆ ದುಬೈಯ ಕನ್ನಡಿಗರು ಬಾಯಿಯ ಹಳೆಯ ಚಿತ್ರವೊಂದನ್ನು ತೋರಿಸಿ, ಶಾಲು ಹೊದಿಸಿದರು. ಮಗಳು ತಂದೆಯನ್ನು ಎದುರಿಸುವ ದೃಶ್ಯ ಬಂದಾಗ ನನ್ನ ಪಕ್ಕದಲ್ಲಿದ್ದ ಬಾಯಿ ತೆರೆಯ ಮೇಲಿನ ತುಟಿಗೆ ಸರಿಯಾಗಿ ತಾವೇ ಮಾತಾಡತೊಡಗಿದರು. ಜನ ತಿರುಗಿ ನೋಡಿದರು. ಆಯೋಜಕರಲ್ಲೊಬ್ಬರು ಮೆಲ್ಲಗೆ ಸೌಂಡ್ ತಗ್ಗಿಸಿದರು. ದೃಶ್ಯ ಮುಗಿಯುವವರೆಗೆ ಸಭಾಂಗಣದಲ್ಲಿ ಬಾಯಿಯ ಧ್ವನಿಯೊಂದೇ ಇತ್ತು, ಕೊಂಕಣಿಯ ಆ ಎಳೆತದ ಸಮೇತ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಂದರು: "ನನಗೆ ಧ್ವನಿ ಕೊಟ್ಟವಳದ್ದು ನನ್ನದಕ್ಕಿಂತ ಚಂದ ಉಂಟು. ಆದ್ರೆ ಆ ಸೀನಿನಲ್ಲಿ ನನಗೆ ಬಂದಷ್ಟು ಸಿಟ್ಟು ಅವಳಿಗೆ ಬರ್ಲಿಲ್ಲ."

ಆಮೇಲೆ ಗ್ರೇಸಿಗೆ ಅಲ್ ಐನ್‌ನಲ್ಲಿ ಕೆಲಸವಾಗಿ ತಾಯಿ-ಮಗಳು ಆ ಊರಿಗೆ ಹೋದರು. ರಜೆಯ ದಿನ ನಾನು ಹೋಗಿ ಬರುತ್ತಿದ್ದೆ. ಬಾಯಿ ಸೊರಗುತ್ತಾ ಬಂದರು. ಕೊನೆಯ ಸಲ ಹೊರಟು ನಿಂತವಳು ತಿರುಗಿ ಬಂದು ಅವರ ಮಂಚದ ಅಂಚಿನಲ್ಲಿ ಕೂತೆ.

"ಬಾಯಿ, ನೀವು ಇಲ್ಲದಿದ್ದರೆ ನಾನು ಅಲ್ಲೇ ಬಟ್ಟೆ ಮಡಚುತ್ತಾ ಇರುತ್ತಿದ್ದೆ. ಒಂದು ದಿನವೂ ನಿಮಗೆ ಹೇಳಲಿಲ್ಲ."

"ಈಗ ಹೇಳಿದೆಯಲ್ಲ," ಅಂದರು. ನನ್ನ ಕೈ ತಟ್ಟಿದರು. "ಹೋಗು, ಬಸ್ಸು ತಪ್ತದೆ."

ಮೂರು ವಾರದ ಮೇಲೆ ಗ್ರೇಸಿಯ ಫೋನ್ ಬಂತು. ಬಾಯಿಯ ದೇಹವನ್ನು ಊರಿಗೆ ಕಳಿಸುವ ಮೊದಲು ಹೋಗಿ ನೋಡಿದೆ. ಅತ್ತುಬಿಟ್ಟೆ. ಆದರೆ ಅವರಿಗೆ ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ.